ರೊಟ್ಟಿ ಸಪ್ಪಳದಲ್ಲಿ ಹೇಳಿದ್ದು

“ಮೆಲ್ಲಕ ಬಡಿಯವ್ವಾ, ಅದು ರೊಟ್ಟಿ ಐತಿ, ನಿಮ್ಮತ್ತಿ ಅಲ್ಲ.”

ಈ ಮಾತನ್ನು ನೀವು ಎಲ್ಲಾದರೂ ಕೇಳಿರಬಹುದು. ನಮ್ಮ ಕಡೆ ಆಟೋಗಳ ಹಿಂದೆ ಬರೆಸಿದ್ದಾರೆ. ಮದುವೆ ಮನೆಯಲ್ಲಿ ಬೀಗರು ಬೀಗರಿಗೆ ಅಂದು ನಗುತ್ತಾರೆ. ಹುಡುಗಿಯರು ಇದಕ್ಕೆ ತುಟಿ ಆಡಿಸಿ ಮೊಬೈಲಿನಲ್ಲಿ ವಿಡಿಯೋ ಮಾಡಿ ಹಾಕುತ್ತಾರೆ. ನನ್ನನ್ನು ಪರಿಚಯ ಮಾಡಿಕೊಡುವವರೂ “ಇವರ ನೋಡ್ರಿ, ಆ ಡೈಲಾಗ್ ಬರದ ಮಾಸ್ತರು” ಎಂದೇ ಶುರುಮಾಡುತ್ತಾರೆ. ಈ ಒಂದು ಮಾತಿನಿಂದ ನನಗೆ ಎರಡು ಶಾಲು, ಲೆಕ್ಕವಿಲ್ಲದಷ್ಟು ಹಾರ, ಗಾಜಿನ ಪೆಟ್ಟಿಗೆಯೊಳಗಿನ ಒಂದು ಫಲಕ ಬಂದಿವೆ. ಅದು ನಾನು ಬರೆದ ಮಾತಲ್ಲ, ಕದ್ದ ಮಾತು. ಯಾರ ಬಾಯಿಂದ ಕದ್ದೆನೋ ಆ ದೊಡ್ಡವ್ವ ಹೋದ ತಿಂಗಳು ತೀರಿಕೊಂಡಳು.

ಯಲಬುರ್ಗಾದ ಗೆಳೆಯರೊಬ್ಬರು ಫೋನು ಮಾಡಿ, “ಸರ, ಆಕಿ ಮನ್ಯಾಗ ಬಾಡಿಗಿ ಇದ್ದವರು ನೀವು. ನಾಕು ಮಾತು ಬರದು ಕೊಡ್ರಲ್ಲ, ನಗಿಸೋಹಂಗ” ಅಂದರು. ನಗಿಸುವ ಹಾಗೆ ಬರೆದದ್ದೇ ನನಗೆ ಸಾಕುಸಾಕಾಗಿದೆ. ಇದು ಬೇರೆ. ಅವಳ ಹೆಸರನ್ನಂತೂ ಬರೆಯುವುದಿಲ್ಲ. ಒಮ್ಮೆ ಅವಳನ್ನು ಊರ ಬಾಯಿಗೆ ಹಾಕಿ ಮಾನ ಕಳೆದಿದ್ದೇನೆ, ಇನ್ನೊಮ್ಮೆ ಬೇಡ.

ನಾನು ಯಲಬುರ್ಗಾದ ಹೈಸ್ಕೂಲಿಗೆ ಕನ್ನಡ ಮಾಸ್ತರನಾಗಿ ಬಂದಾಗ ಮನೆ ಹುಡುಕಿ ಹುಡುಕಿ ಚಪ್ಪಲಿ ಸವೆದಿದ್ದವು. ಕಡೆಗೆ ದೊಡ್ಡವ್ವನ ಮನೆಯ ಮಗ್ಗುಲಿಗೆ ಹೊಂದಿದ ಎರಡು ಖೋಲಿ ಸಿಕ್ಕವು. ಬಾಡಿಗೆಗೆ ಕೊಡುವವರು ನೂರೆಂಟು ಪ್ರಶ್ನೆ ಕೇಳುತ್ತಾರೆ. ಆಕೆ ಕೇಳಿದ್ದು ಒಂದೇ.

“ನಸುಕಿನ್ಯಾಗ ಸಪ್ಪಳ ಆಗತೈತ್ರಿ ಮಾಸ್ತರ. ನಡೀತೈತೇನು?”

“ಎಂಥಾ ಸಪ್ಪಳರಿ?”

“ರೊಟ್ಟಿ ಬಡಿಯೂದು.”

ಅವಳ ಕಸುಬೇ ಅದು. ಖಾನಾವಳಿಗಳಿಗೆ, ಮದುವೆಗಳಿಗೆ, ಅಡಿಗೆ ಬೇಸತ್ತ ನೌಕರದಾರರ ಮನೆಗಳಿಗೆ ಜೋಳದ ರೊಟ್ಟಿ ಮಾಡಿಕೊಡುತ್ತಿದ್ದಳು. ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಗಿಡ್ಡ ಆಳು. ಎಡಗಣ್ಣು ಹೊಗೆಗೆ ಸದಾ ಕೆಂಪು. ಮೊಣಕೈಯಿಂದ ಕೆಳಗೆ ಹಂಚು ತಾಗಿ ಸುಟ್ಟ ಸಣ್ಣ ಸಣ್ಣ ಕಲೆಗಳು. ಜೋಳದ ಹಿಟ್ಟನ್ನು ಚಿಟಿಕೆಯಷ್ಟು ನಾಲಿಗೆ ಮೇಲೆ ಇಟ್ಟುಕೊಂಡು, ಇದು ಕರಿಮಣ್ಣಿನ ಎರಿ ಹೊಲದ ಜೋಳವೋ ಕೆಂಪುಮಣ್ಣಿನ ಮಸಾರಿ ಹೊಲದ್ದೋ ಎಂದು ಹೇಳುತ್ತಿದ್ದಳು. ಹಿಟ್ಟಿನ ಗಿರಣಿಯವನು ಅವಳೆದುರು ಒಂದು ಹಿಡಿ ಅದಲುಬದಲು ಮಾಡಲೂ ಹೆದರುತ್ತಿದ್ದ. ಬಡಿಯುವಾಗ ಹರಿದ ರೊಟ್ಟಿಯನ್ನು ಬೇರೆ ಇಡುತ್ತಿದ್ದಳು. “ದುಂಡಂದು ಮಂದಿಗೆ, ಹರದದ್ದು ನನಗ” ಎಂದು ಅದಕ್ಕೆ ಶೇಂಗಾ ಚಟ್ನಿ ಹಚ್ಚಿಕೊಂಡು ನಿಂತೇ ತಿನ್ನುತ್ತಿದ್ದಳು. ಅವಳು ಕೂತು ಉಂಡದ್ದನ್ನು ನಾನು ನೋಡಲಿಲ್ಲ.

ಸಂಜೆ ನಮ್ಮ ಮನೆಗೆ ಟಿವಿ ನೋಡಲು ಬರುತ್ತಿದ್ದಳು. ಖುರ್ಚಿ ಕೊಟ್ಟರೂ ಹೊಸ್ತಿಲಲ್ಲೇ ಕೂಡುವುದು. ಹೀಗೆ ಬದುಕಿ, ಹಾಗೆ ಉಸಿರಾಡಿ, ಇಷ್ಟು ನೀರು ಕುಡಿಯಿರಿ ಎಂದು ಹೇಳಿಕೊಡುವ ಗುರುಗಳನ್ನು ಕಂಡರೆ ಅವಳಿಗೆ ಬಲು ಮೋಜು. ಒಬ್ಬರು ತುತ್ತನ್ನು ಮೂವತ್ತೆರಡು ಸಲ ಅಗಿಯಬೇಕೆಂದಾಗ ನನ್ನ ಹೆಂಡತಿಯ ಕಡೆ ತಿರುಗಿ, “ಯವ್ವಾ, ಮೂವತ್ತೆರಡು ಹಲ್ಲು ಇದ್ದವರಿಗೆ ಹೇಳಾಕತ್ತಾರ. ನನಗ ಏಳ ಅದಾವ. ನಾ ಏಳ ಸಲ ಅಗದ್ರ ನಡೀತೈತೇನ್ ಕೇಳ” ಅಂದಳು. ಆದರೆ ಗಂಡ ಹೆಂಡಿರ ಜಗಳವನ್ನು ಕ್ಯಾಮೆರಾ ಮುಂದೆ ಕೂರಿಸಿ ಬಿಡಿಸುವ ರಿಯಾಲಿಟಿ ಶೋ ಬಂದರೆ ಸಾಕು, ಎದ್ದು ಆ ಕಡೆ ಮುಖ ಮಾಡಿ ನಿಲ್ಲುತ್ತಿದ್ದಳು. “ಆ ಹೆಣ್ಮಗಳು ಅಳಾಕತ್ಯಾಳ. ಯಾರರ ಬಂದ್ ಮಾಡ್ರಪಾ ಅದನ್ನ. ಅಳೋರ ಮಾರಿ ಹಂಗ ನೋಡಬಾರದು” ಅನ್ನುವಳು. ನಾನು ಟಿವಿ ಬಂದ್ ಮಾಡುತ್ತಿದ್ದೆ. ಆಮೇಲೆ ಒಳಗೆ ಹೋಗಿ ಅವಳ ಆ ಮಾತನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತಿದ್ದೆ.

ನನಗೆ ಹಾಸ್ಯ ಭಾಷಣದ ಚಟ. ಗಣೇಶನ ಹಬ್ಬ, ಸಂಘದ ವಾರ್ಷಿಕೋತ್ಸವ, ಎಲ್ಲಿ ಮೈಕು ಇದೆಯೋ ಅಲ್ಲಿ ನಾನು. ಹಾಗಾಗಿ ಯಾರು ಏನು ಅಂದರೂ ಬರೆದಿಡುವ ಕೆಟ್ಟ ರೂಢಿ ಬಿದ್ದಿತ್ತು. ದೊಡ್ಡವ್ವ ಬಾಯಿ ತೆಗೆದರೆ ನನಗೆ ಹಬ್ಬ.

ಆದರೆ ಅವಳ ನಿಜವಾದ ಕೆಲಸ ರೊಟ್ಟಿಯದಲ್ಲ ಎಂದು ಗೊತ್ತಾಗಲು ನನಗೆ ಆರು ತಿಂಗಳು ಬೇಕಾಯಿತು. ಆರ್ಡರು ಹೆಚ್ಚಿದ್ದ ದಿನ ಓಣಿಯ ಹೆಂಗಸರು ಕೈಗೂಡಿಸಲು ಬರುತ್ತಿದ್ದರು. ಆರ್ಡರು ಇಲ್ಲದ ದಿನವೂ ಒಬ್ಬೊಬ್ಬರು ಬರುತ್ತಿದ್ದರು. ಬಂದವಳು ಸುಮ್ಮನೆ ಗೋಡೆಗೆ ಒರಗಿ ಕೂತರೆ ದೊಡ್ಡವ್ವ “ಯಾಕವ್ವಾ, ಏನಾತು?” ಎಂದು ಕೇಳುತ್ತಿರಲಿಲ್ಲ. ಪರಾತವನ್ನು ಅವಳ ಮುಂದೆ ಸರಿಸಿ, ನಾದಿದ ಹಿಟ್ಟಿನ ಉಂಡೆ ಇಟ್ಟು, “ಬಡಿ” ಅನ್ನುತ್ತಿದ್ದಳು. ಪಟಪಟ ಸಪ್ಪಳ ಶುರುವಾಗುತ್ತಿತ್ತು. ಆ ಸಪ್ಪಳದೊಳಗೆ ಆ ಹೆಂಗಸು ತನ್ನದನ್ನು ಹೇಳಿಕೊಳ್ಳಬೇಕು. ಅದು ಅಲ್ಲಿನ ನೇಮ. ಓಣಿಯಲ್ಲಿ ಹೋಗುವವರಿಗೆ, ಕಟ್ಟೆ ಮೇಲೆ ಕೂತ ಗಂಡಸರಿಗೆ ಕೇಳಿಸುವುದು ರೊಟ್ಟಿ ಬಡಿಯುವ ಸಪ್ಪಳ ಮಾತ್ರ. ಸಪ್ಪಳ ನಿಂತರೆ ಮಾತೂ ನಿಲ್ಲಬೇಕು. ಸಿಟ್ಟಿನಿಂದ ಬಡಿದು ಬಡಿದು ರೊಟ್ಟಿ ಹರಿದಾಗ ದೊಡ್ಡವ್ವ ಆ ಮಾತು ಅನ್ನುತ್ತಿದ್ದಳು: ಮೆಲ್ಲಕ ಬಡಿಯವ್ವಾ, ನಿಮ್ಮತ್ತಿ ಅಲ್ಲ ಅದು. ಅಳುತ್ತಿದ್ದವಳು ಫಕ್ಕನೆ ನಕ್ಕುಬಿಡುತ್ತಿದ್ದಳು.

ಅವಳು ಯಾರಿಗಾದರೂ ಸಲಹೆ ಕೊಟ್ಟದ್ದನ್ನು ನಾನು ಕೇಳಲೇ ಇಲ್ಲ. ಬಿಡು, ಹಿಡಿ, ತವರಿಗೆ ಹೋಗು, ತಾಳಿಕೋ, ಯಾವುದೂ ಇಲ್ಲ. ಎಲ್ಲ ಕೇಳಿ ಕಡೆಗೆ “ಇನ್ನೊಂದು ಬಡಿತಿಯೇನು?” ಅನ್ನುವಳು. ಸಾಕು ಅಂದರೆ ಎರಡು ರೊಟ್ಟಿ ಮಡಚಿ ಸೆರಗಿಗೆ ಹಾಕಿ ಕಳಿಸುವಳು.

ಇದೆಲ್ಲ ನಿನಗೆ ಹೇಗೆ ಗೊತ್ತಪ್ಪ ಎಂದು ನೀವು ಕೇಳಬೇಕು. ಅವಳ ಅಡಿಗೆಮನೆಗೂ ನನ್ನ ಓದುವ ಖೋಲಿಗೂ ನಡುವೆ ಒಂದೇ ಗೋಡೆ. ಮೇಲುಗಡೆ ಒಂದು ಬೆಳಕಿಂಡಿ. ಓಣಿಗೆ ಕೇಳಿಸದ ಮಾತು ಆ ಕಿಂಡಿಯಿಂದ ನನ್ನ ಮೇಜಿಗೆ ಇಳಿಯುತ್ತಿತ್ತು. ಮೊದಮೊದಲು ಹೊರಗೆ ಎದ್ದು ಹೋಗುತ್ತಿದ್ದೆ. ಆಮೇಲೆ ಹೋಗಲಿಲ್ಲ. ಆಮೇಲೆ ಆ ಹೊತ್ತಿಗೆ ಸರಿಯಾಗಿ ಬಂದು ಕೂಡತೊಡಗಿದೆ. ಥೂ, ಬರೆಯಲು ನಾಚಿಕೆಯಾಗುತ್ತದೆ, ಪೆನ್ಸಿಲ್ ಚೂಪು ಮಾಡಿಟ್ಟುಕೊಂಡು ಕೂಡುತ್ತಿದ್ದೆ.

ಹಾಗೆ ಕೇಳಿದ ದನಿಗಳಲ್ಲಿ ಒಂದು ಗಂಗವ್ವಳದು. ಗಂಗವ್ವ ಎಂಬುದು ನಾನು ಇಲ್ಲಿ ಇಟ್ಟ ಹೆಸರು. ಹತ್ತಿರದ ಹಳ್ಳಿಯವಳು. ಸಂತೆಯ ದಿನ ಎಮ್ಮೆಯ ಬೆಣ್ಣೆ ಮಾರಲು ಬರುತ್ತಿದ್ದಳು, ಬೆಣ್ಣೆ ಖಾಲಿಯಾದ ಮೇಲೆ ದೊಡ್ಡವ್ವನ ಮನೆಗೆ. ಅವಳ ಮುಖವನ್ನು ನಾನು ನೋಡಿರಲಿಲ್ಲ. ದನಿ ಮಾತ್ರ ಗೊತ್ತು, ಸ್ವಲ್ಪ ಒಡಕು ದನಿ.

ಅವಳ ಗಂಡ ಹನ್ನೊಂದು ವರ್ಷದಿಂದ ಅವಳೊಡನೆ ಮಾತು ಬಿಟ್ಟಿದ್ದ. ಅವಳ ತಮ್ಮನ ಮದುವೆಯಲ್ಲಿ ಅವನನ್ನು ಮೊದಲ ಪಂಕ್ತಿಗೆ ಕರೆಯಲಿಲ್ಲವೆಂದು ಉಣ್ಣದೆ ಎದ್ದು ಬಂದಿದ್ದ. ಇವಳಿಗೆ ಗೊತ್ತಿರಲಿಲ್ಲ, ಉಂಡಳು. ಮನೆಗೆ ಬಂದಾಗ “ನೀ ಉಂಡಿ?” ಅಂದ. ಹೂಂ ಅಂದಳು. ಅವಳೊಡನೆ ಅವನು ನೇರವಾಗಿ ಆಡಿದ ಕಡೆಯ ಮಾತು ಅದೇ. ಅಂದಿನಿಂದ ಇಬ್ಬರೂ ಎಮ್ಮೆಯ ಮೂಲಕ ಮಾತಾಡುತ್ತಿದ್ದರು. ಅವನು ಎಮ್ಮೆಯ ಬೆನ್ನು ತಿಕ್ಕುತ್ತ, “ಎಮ್ಮೀ, ನಾಳಿ ಕುಷ್ಟಗಿಗೆ ಹೋಗೂದೈತಿ, ಬುತ್ತಿ ಬೇಕಂತ ಹೇಳವ್ವ ಆಕಿಗೆ” ಅನ್ನುವನು. ಇವಳು ಒಲೆಯ ಮುಂದಿನಿಂದ, “ಎಮ್ಮವ್ವಾ, ನೀರು ಕಾಯ್ದಾವ ಅಂತ ಹೇಳು ನಿಮ್ಮಪ್ಪಗ” ಅನ್ನುವಳು. ಊರವರ ಎದುರು ಇಬ್ಬರೂ ಜೋಡಿಯಾಗಿ ಪೂಜೆಗೆ ಕೂಡುತ್ತಿದ್ದರು, ಯಾರಿಗೂ ಸುಳಿವು ಕೊಡದೆ.

“ಒಮ್ಮೊಮ್ಮೆ ಛಲೋ ಮಾತಾಡ್ತಾರ ದೊಡ್ಡವ್ವ” ಎಂದು ಒಂದು ದಿನ ಹೇಳಿದಳು. “ನನಗ ಜ್ವರ ಬಂದಾಗ ಎಮ್ಮಿ ಮುಂದ ಕುಂತು, ಆಕಿಗೆ ಗುಳಿಗಿ ತಗೋ ಅಂತ ಹೇಳು, ಆಕಿ ಇಲ್ಲಂದ್ರ ನಮ್ಮಿಬ್ಬರದೂ ನಡ್ಯಂಗಿಲ್ಲ ಅಂದ್ರು. ನಾ ಒಳಗ ಮಕ್ಕೊಂಡು ಎಲ್ಲಾ ಕೇಳಿದೆ.” ಆ ಕಡೆಯಿಂದ ಇಬ್ಬರೂ ರೊಟ್ಟಿ ಬಡಿಯುವ ಸಪ್ಪಳ ಬಂತು. ಈ ಕಡೆ ನಾನು ಬಾಯಿಗೆ ಕರವಸ್ತ್ರ ಒತ್ತಿಕೊಂಡು ನಗುತ್ತಿದ್ದೆ.

ಆ ಹೊತ್ತಿಗೇ ಗಂಗಾವತಿಯ ನನ್ನ ಗೆಳೆಯನೊಬ್ಬ ಸಿನಿಮಾ ಮಾಡಲು ಹೊರಟ. ಅಕ್ಕಿ ಗಿರಣಿಯ ಮನೆತನದವನು, ಮಾತಿನಲ್ಲಿ ಚೂಟಿ. ನನ್ನ ಭಾಷಣ ಕೇಳಿ ಸಂಭಾಷಣೆ ಬರೆಯಲು ಕರೆದ. ಉದ್ದೇಶ ಬಹಳ ದೊಡ್ಡದು. “ಬದುಕೂದು ಹೆಂಗ ಅಂತ ಪಾಠ ಹೇಳೋ ಈ ಗುರುಗಳು, ಮಂದಿ ಕಣ್ಣೀರು ಮಾರೋ ಈ ಟಿವಿ ಶೋಗಳು, ಇವರ ಚರ್ಮಾ ಸುಲೀಬೇಕು ದೋಸ್ತ. ನಗಿಸಿ ನಗಿಸಿ ಸುಲೀಬೇಕು. ಆದ್ರ ಗುರು ಮಾತ್ರ ಯಾರೂ ಎಲ್ಲೂ ಕಂಡಿರಲಾರದಂಥಾವ ಇರಬೇಕು” ಅಂದ. ನಾನು ನೋಟ್‌ಬುಕ್ಕು ತೆಗೆದೆ.

ರೊಟ್ಟಿ ಮಾತಾ ಹುಟ್ಟಿದ್ದು ಹೀಗೆ. ಆನೆಗೊಂದಿಯ ಬಂಡೆಗಳ ನಡುವೆ ಆಶ್ರಮ ಕಟ್ಟಿಕೊಂಡ ಕಳ್ಳ ಗುರು. ಸೀರೆ ಉಟ್ಟ ಗಂಡು ಹಾಸ್ಯನಟನೇ ಆ ಪಾತ್ರ. ದುಃಖ ಇದ್ದವರು ಅವಳ ಮುಂದೆ ರೊಟ್ಟಿ ಬಡಿಯಬೇಕು, ಟಿವಿಯವರು ಅದನ್ನೇ ಶೋ ಮಾಡುತ್ತಾರೆ, ಯಾರ ರೊಟ್ಟಿ ದುಂಡಗೆ ಬಂದು ಯಾರು ಹೆಚ್ಚು ಅಳುತ್ತಾರೋ ಅವರಿಗೆ ಫ್ರಿಜ್ಜು. ಮೂವತ್ತೆರಡು ಹಲ್ಲಿನ ಮಾತು, ಅತ್ತೆಯ ಮಾತು, ಹರಿದ ರೊಟ್ಟಿಯ ಮಾತು, ಎಲ್ಲ ಸುರಿದೆ. ಗೆಳೆಯ ಖುರ್ಚಿಯಿಂದ ಬೀಳುವಷ್ಟು ನಕ್ಕ. “ಇನ್ನೂ ಐತೇನಲೇ?” ಅಂದ. ಎಮ್ಮೆಯದನ್ನು ಕೊಟ್ಟೆ. ಹೆಸರು ಬದಲಿಸಿದ್ದೆ, ಊರು ಬದಲಿಸಿದ್ದೆ. ಮಾತು ಮಾತ್ರ ಒಂದಕ್ಷರ ಬದಲಿಸಲಿಲ್ಲ, ಬದಲಿಸಿದರೆ ರುಚಿ ಕೆಡುತ್ತಿತ್ತು.

ನಟನಿಗೆ ರೊಟ್ಟಿ ಬಡಿಯಲು ಬರಲಿಲ್ಲ. ಹತ್ತಿರದಿಂದ ತೆಗೆಯಲು ಒಬ್ಬರ ಕೈ ಬೇಕಿತ್ತು. ಯಾರ ಕೈ ಇದೆ ಎಂದು ಕೇಳಿದರೆ ನಾನು ಯಾರ ಹೆಸರು ಹೇಳಬೇಕು?

ದೊಡ್ಡವ್ವ ಇಳಕಲ್ಲು ಸೀರೆ ಉಟ್ಟು, ಇಡೀ ತಂಡಕ್ಕೆ ಆಗುವಷ್ಟು ರೊಟ್ಟಿ, ಪುಂಡಿಪಲ್ಲೆ, ಗುರೆಳ್ಳು ಚಟ್ನಿ ಕಟ್ಟಿಕೊಂಡು ಬಸ್ಸು ಹತ್ತಿದಳು. ಹೊಳೆದಂಡೆಯ ಬಾಳೆತೋಟದ ಪಕ್ಕ ಹಾಕಿದ್ದ ಸೆಟ್ಟಿನಲ್ಲಿ ಕೂತು ಬೆಳಗಿನಿಂದ ಮಧ್ಯಾಹ್ನದವರೆಗೆ ರೊಟ್ಟಿ ಬಡಿದಳು. ಸೀರೆ ಉಟ್ಟ ಆ ನಟನಿಗೆ, “ತಮ್ಮಾ, ಸೆರಗು ಹಂಗ ಅಲ್ಲಪಾ, ಹಿಂಗ ಸಿಗಸ್ಕೊ, ಇಲ್ಲಾಂದ್ರ ಒಲಿಗೆ ಬೀಳತೈತಿ” ಎಂದು ಕಲಿಸಿದಳು. ಅವನು ಅವಳು ಕೂರುವ ರೀತಿ, ಎಡಗಣ್ಣು ಕಿರಿದು ಮಾಡುವ ರೀತಿ, ಎಲ್ಲ ಒಂದೇ ದಿನದಲ್ಲಿ ಕಲಿತುಬಿಟ್ಟ.

ವಾಪಸು ಬರುವಾಗ ಬಸ್ಸಿನಲ್ಲಿ ಕೇಳಿದಳು. “ಏನ್ ಕಥಿರಿ ಮಾಸ್ತರ ಇದು?”

“ನಿಮ್ಮಂಥ ಒಬ್ಬ ಛಲೋ ಹೆಣ್ಮಗಳ ಕಥಿ ದೊಡ್ಡವ್ವ.”

“ಅಯ್ಯ ಹೋಗ್ರಿ” ಎಂದು ಸೆರಗನ್ನು ಬಾಯಿಗೆ ಹಿಡಿದು ನಕ್ಕಳು. ಮರುದಿನದಿಂದ ಹಿಟ್ಟಿನ ಗಿರಣಿಯಲ್ಲಿ, ಕಿರಾಣಿ ಅಂಗಡಿಯಲ್ಲಿ, ಎಲ್ಲರಿಗೂ ಹೇಳಿದಳು: ನಮ್ಮ ಮಾಸ್ತರು ನನ್ನ ಮ್ಯಾಲೆ ಸಿನಿಮಾ ಬರದಾರ.

ಸಿನಿಮಾ ಬಿಡುಗಡೆಯಾದಾಗ ಓಣಿಯ ಎಂಟು ಹೆಂಗಸರನ್ನು ಕರೆದುಕೊಂಡು ಕೊಪ್ಪಳಕ್ಕೆ ಮ್ಯಾಟಿನಿಗೆ ಹೋದಳು. ನಾನು, ನನ್ನ ಹೆಂಡತಿ ಅವರ ಹಿಂದಿನ ಸಾಲಿನಲ್ಲಿದ್ದೆವು. ಪರದೆಯ ಮೇಲೆ ಕೈಗಳು ಕಂಡಾಗ ದೊಡ್ಡವ್ವ ಕತ್ತಲಲ್ಲೇ ಎರಡೂ ಕೈ ಮೇಲೆತ್ತಿ, “ಇವ, ಇವ ನೋಡ್ರಿ!” ಅಂದಳು. ಹೆಂಗಸರು ಚಪ್ಪಾಳೆ ತಟ್ಟಿದರು. ಆಮೇಲೆ ಕ್ಯಾಮೆರಾ ಮೇಲೆ ಸರಿಯಿತು. ಆ ಕೈಗಳಿಗೆ ಒಂದು ಮುಖ ಬಂತು. ಬಣ್ಣ ಬಳಿದ ಗಂಡಸಿನ ಮುಖ, ಕಿರಿದು ಮಾಡಿದ ಎಡಗಣ್ಣು. ಥೇಟರು ಬಿದ್ದು ಬಿದ್ದು ನಕ್ಕಿತು. ಅವಳ ಜೊತೆಗೆ ಬಂದ ಹೆಂಗಸರು ಅವಳನ್ನೊಮ್ಮೆ ಪರದೆಯನ್ನೊಮ್ಮೆ ನೋಡಿ, ತಡೆದು ತಡೆದು, ಕಡೆಗೆ ಅವರೂ ನಕ್ಕರು. ದೊಡ್ಡವ್ವನೂ ನಕ್ಕಳು. ನಿಜವಾಗಿ ನಕ್ಕಳು, ನನಗೆ ಭುಜ ಅಲುಗಾಡಿದ್ದು ಕಂಡಿತು.

ಎಮ್ಮೆ ಬಂತು. “ಎಮ್ಮವ್ವಾ, ನೀರು ಕಾಯ್ದಾವ ಅಂತ ಹೇಳು ನಿಮ್ಮಪ್ಪಗ.” ಸಿಳ್ಳೆಯೋ ಸಿಳ್ಳೆ. ಗುಳಿಗೆಯ ಮಾತು ಬಂದಾಗ ಎಮ್ಮೆಯ ಕಣ್ಣಿಂದ ಗ್ರಾಫಿಕ್ಸಿನ ಕಣ್ಣೀರು ಬರಿಸಿದ್ದರು. ನಮ್ಮ ಹಿಂದಿನ ಸಾಲಿನವನು ಕೆಮ್ಮುವಷ್ಟು ನಕ್ಕ. ದೊಡ್ಡವ್ವ ಹಿಂದಕ್ಕೆ ತಿರುಗಿದಳು. ಕತ್ತಲಲ್ಲಿ ಒಂದೊಂದೇ ಮುಖ ನೋಡುತ್ತ ನನ್ನನ್ನು ಹುಡುಕಿದಳು. ನಾನು ಬಾಗಿ ಚಪ್ಪಲಿ ಹುಡುಕುವವನಂತೆ ಕಾಲ ಬಳಿ ಕೈಯಾಡಿಸಿದೆ. ಚಪ್ಪಲಿ ಕಾಲಲ್ಲೇ ಇದ್ದವು.

ಮನೆಗೆ ಬಂದ ಮೇಲೆ ಅಂಗಳದಲ್ಲಿ ನನ್ನನ್ನು ನಿಲ್ಲಿಸಿದಳು. “ನನ್ನ ಕಂಡು ನಕ್ಕೀರಿ, ನಗ್ರಿ, ಅಡ್ಡಿ ಇಲ್ಲ. ನಗೋಹಂಗ ಅದೀನಿ ನಾ. ಎಮ್ಮೀದು ಯಾಕ ಹಾಕಿದ್ರಿ ಮಾಸ್ತರ? ಅದು ನನ್ನ ಮಾತಲ್ಲ, ನಿಮ್ಮ ಮಾತೂ ಅಲ್ಲ.”

“ಸಿನಿಮಾ ದೊಡ್ಡವ್ವ, ಯಾರಿಗೂ ಗೊತ್ತಾಗಂಗಿಲ್ಲ” ಅಂದೆ. ಅವಳು ನನ್ನ ಮುಖವನ್ನೇ ನೋಡಿ ಒಳಗೆ ಹೋದಳು.

ಗೊತ್ತಾಗದೆ ಏನು? ಹಿತ್ತಲಲ್ಲಿ ಗಂಗವ್ವ ಎಮ್ಮೆಯೊಡನೆ ಮಾತಾಡುವುದನ್ನು ಅವಳ ಊರಿನ ನೆರೆಯವರು ಎಷ್ಟೋ ಸಲ ಕೇಳಿದ್ದರು, ಆದರೆ ಎಮ್ಮೆಯನ್ನು ಮುದ್ದು ಮಾಡುತ್ತಾಳೆ ಎಂದು ಬಿಟ್ಟಿದ್ದರು. ಸಿನಿಮಾ ನೋಡಿದವರಿಗೆ ಎಲ್ಲ ಬೆಳಕಾಯಿತು. ಗಂಡ ಕಟ್ಟೆಗೆ ಬಂದರೆ ಹುಡುಗರು “ಎಮ್ಮವ್ವಾ, ಹೇಳು ನಿಮ್ಮಪ್ಪಗ” ಅಂದರು. ಒಂದು ವಾರ ಸಹಿಸಿದ. ಆಮೇಲೆ ಒಂದು ಬೆಳಗ್ಗೆ ಎಮ್ಮೆಯನ್ನು ಬಿಚ್ಚಿ ಹೊಡೆದುಕೊಂಡು ಹೋಗಿ ಮಾರಿ ಬಂದ.

ಇದು ನನಗೆ ತಿಳಿದದ್ದೂ ಅದೇ ಬೆಳಕಿಂಡಿಯಿಂದ. ಸಂತೆಯ ದಿನ ಗಂಗವ್ವ ಬಂದಳು, ಬೆಣ್ಣೆಯ ಬುಟ್ಟಿ ಇಲ್ಲದೆ. ಆ ದಿನ ರೊಟ್ಟಿ ಸಪ್ಪಳ ಇರಲಿಲ್ಲ. ಓಣಿಗೆಲ್ಲ ಕೇಳುವ ಹಾಗೆ ಕೂಗಿದಳು.

“ನಿನ್ನ ಬಾಯಾಗ ಎಳ್ಳು ನೆನ್ಯಂಗಿಲ್ಲೇನ ದೊಡ್ಡವ್ವ? ಹಡದವ್ವಗ ಹೇಳಲಾರದ್ದು ನಿನಗ ಹೇಳಿದ್ದೆ! ಏನ್ ಕೊಟ್ರು ನಿನಗ ಸಿನಿಮಾದವ್ರು? ಎಮ್ಮಿ ಹೋತು. ಬೆಣ್ಣಿ ಹೋಗ್ಲಿ, ಹಾಲು ಹೋಗ್ಲಿ. ಇನ್ನ ನಾ ಯಾರ ಕೂಡ ಮಾತಾಡ್ಲಿ? ಅವರು ಯಾರ ಕೂಡ ಮಾತಾಡ್ಲಿ? ಮನ್ಯಾಗ ಎರಡು ಹೆಣ ಇದ್ದಂಗ ಅದೀವಿ!”

ದೊಡ್ಡವ್ವನಿಗೆ ಆ ಹೊತ್ತಿಗೆ ಎಲ್ಲ ಗೊತ್ತಿತ್ತು. ಕಿಂಡಿ ಗೊತ್ತಿತ್ತು, ನಾನು ಗೊತ್ತಿತ್ತು. “ನಾ ಅಲ್ಲವ್ವ, ಆ ಕಡೆ ಕುಂತಾನ ನೋಡು ಹಲ್ಕಟ್” ಎಂದು ಬೊಟ್ಟು ಮಾಡಿದ್ದರೆ ಮುಗಿಯುತ್ತಿತ್ತು. “ತಪ್ಪಾತವ್ವ” ಅಂದಳು. ಮತ್ತೊಮ್ಮೆ “ತಪ್ಪಾತು ನಂದು” ಅಂದಳು.

ನಾನು ಗೋಡೆಯ ಈ ಕಡೆ ಚಹದ ಗ್ಲಾಸು ಹಿಡಿದು ನಿಂತಿದ್ದೆ. ನನ್ನ ಹೆಂಡತಿ ಒಳಗೆ ಬಂದು, “ಹೋಗ್ರಿ. ಹೋಗಿ ನಾ ಅಂತ ಹೇಳ್ರಿ” ಅಂದಳು. ಅಂಗಿ ಹಾಕಿಕೊಂಡೆ. ಗುಂಡಿಗಳನ್ನೂ ಹಾಕಿಕೊಂಡೆ. ಎರಡು ದಿನದಲ್ಲಿ ಗಂಗಾವತಿಯಲ್ಲಿ ನನಗೆ ಸನ್ಮಾನ ಇತ್ತು, ಕರೆಯೋಲೆಯಲ್ಲಿ ಫೋಟೋ ಹಾಕಿಸಿದ್ದರು. ಈಗ ಹೋದರೆ ಓಣಿಯಲ್ಲೆಲ್ಲ ರಂಪ, ಶಾಲೆಗೆ ಸುದ್ದಿ, ಆಕೆ ಶಾಂತವಾದ ಮೇಲೆ ಹೇಳೋಣ, ನಿಧಾನವಾಗಿ ಹೇಳೋಣ ಎಂದೆಲ್ಲ ಅಂದುಕೊಂಡು ಖುರ್ಚಿಯ ಮೇಲೆ ಕೂತೆ. ಗಂಗವ್ವ ಹೋದದ್ದು ಕೇಳಿಸಿತು. ನನ್ನ ಹೆಂಡತಿ ಅವತ್ತು ನನಗೆ ಊಟಕ್ಕೆ ಬಡಿಸಲಿಲ್ಲ. ಸನ್ಮಾನಕ್ಕೂ ಬರಲಿಲ್ಲ.

ಅಲ್ಲಿಂದಾಚೆಗೆ ದೊಡ್ಡವ್ವನ ಅಡಿಗೆಮನೆಗೆ ಹೆಂಗಸರು ಬರುವುದು ನಿಂತಿತು. ಬೈದು ನಿಲ್ಲಿಸಿದವರು ಯಾರೂ ಇಲ್ಲ, ಸುಮ್ಮನೆ ಬರಲಿಲ್ಲ. ದೊಡ್ಡವ್ವನ ಕಿವಿಗೆ ಹಾಕಿದರೆ ಸಿನಿಮಾಕ್ಕೆ ಹಾಕಿದಂತೆ ಎಂಬ ಮಾತು ಓಣಿಯಲ್ಲಿ ಹುಟ್ಟಿತ್ತು. ಬಂದವರೆಂದರೆ ಮೊಬೈಲು ಹಿಡಿದವರು. “ಅಜ್ಜೀ, ಒಮ್ಮಿ ಆ ಡೈಲಾಗ್ ಹೇಳ್ರಿ” ಎಂದು. ಒಮ್ಮೆ ನಿಜವಾದ ಟಿವಿಯವರೇ ಕಾರಿನಲ್ಲಿ ಬಂದು, ಹೆಂಗಸರ ಕಷ್ಟ ಸುಖ ಹೇಳುವ ಶೋಗೆ ಕರೆದರು. ದೊಡ್ಡವ್ವ ಅವರಿಗೆ ರೊಟ್ಟಿ, ಮೊಸರು ಕೊಟ್ಟು ಉಣ್ಣಿಸಿದಳು. ಉಂಡ ಮೇಲೆ, “ಒಬ್ಬಾಕಿ ಹೇಳಿದ್ದ ಇನ್ನೊಬ್ಬಾಕಿಗೆ ಹೇಳಂದ್ರ ಒಲ್ಲೆಪಾ. ಹೋಗಿ ಬರ್ರಿ” ಅಂದಳು. ಆ ಶೋಗಳ ಚರ್ಮ ಸುಲಿಯಲು ಹೊರಟವನು ನಾನು. ಅವರಾದರೂ ಮನೆಗೆ ಬಂದು, ಎದುರಿಗೆ ಕೂತು, ಬರ್ತೀರೇನು ಎಂದು ಕೇಳಿದರು. ನಾನು ಕೇಳಿಯೇ ಇರಲಿಲ್ಲ.

ನನಗೆ ತಾವರಗೇರಾಕ್ಕೆ ವರ್ಗವಾಯಿತು. ಸಾಮಾನು ಲಾರಿಗೆ ಏರಿಸಿದ ಮೇಲೆ ಅವಳ ಮುಂದೆ ಹೋಗಿ ನಿಂತೆ. ಆ ಒಂದು ಮಾತು ಕೇಳದೆ ಹೋಗಲಾಗಲಿಲ್ಲ.

“ಅವತ್ತು ನನ್ನ ಹೆಸರು ಯಾಕ ಹೇಳ್ಲಿಲ್ಲ ದೊಡ್ಡವ್ವ?”

ಅವಳು ಹಂಚಿನ ಮೇಲಿನ ರೊಟ್ಟಿಗೆ ಒದ್ದೆ ಬಟ್ಟೆಯಿಂದ ನೀರು ಸವರುತ್ತಿದ್ದಳು. “ಗ್ವಾಡಿ ನಂದರಿ ಮಾಸ್ತರ. ಕಿಂಡಿ ನಂದು. ನನ್ನ ಮನಿ ನಂಬಿ ಹೇಳಿದ್ಲು ಆಕಿ, ನಿಮ್ಮನ್ನ ನಂಬಿ ಅಲ್ಲ.” ರೊಟ್ಟಿ ಮಗುಚಿದಳು. “ನಿಮ್ಮ ಹೆಸರು ನಾ ಹೇಳಬಾರದು. ಹೇಳೂದಿದ್ರ ನೀವ ಹೇಳಬೇಕು. ದಾರಿ ಕಾಯ್ದೆ, ನೀವು ಬರ್ಲಿಲ್ಲ.” ಅಷ್ಟು ಅಂದು ದಾರಿಗೆಂದು ಒಂದು ಗಂಟು ರೊಟ್ಟಿ ಕಟ್ಟಿಕೊಟ್ಟಳು. ಎಲ್ಲವೂ ದುಂಡನೆಯವೇ.

ಆಗಲಾದರೂ ಲಾರಿ ಕಳಿಸಿ ಗಂಗವ್ವಳ ಊರಿಗೆ ಹೋಗಬಹುದಿತ್ತು. ಹೋಗಲಿಲ್ಲ. ದಸರೆಯ ರಜೆಯಲ್ಲಿ ಹೋಗೋಣ ಅಂದುಕೊಂಡೆ, ಪರೀಕ್ಷೆ ಮುಗಿಯಲಿ ಅಂದುಕೊಂಡೆ. ಹೇಡಿಗೆ ನೆಪಗಳಿಗೇನು ಬರ? ಮೂರು ವರ್ಷ ಹಾಗೇ ಹೋದವು.

ಹೋದ ತಿಂಗಳು ದೊಡ್ಡವ್ವ ತೀರಿಕೊಂಡಾಗ ಅವಳ ಮಣ್ಣಿಗೆ ಹೋದೆ. ಖಾನಾವಳಿಯವರು, ಗಿರಣಿಯವನು, ಓಣಿಯ ಗಂಡಸರು ಇದ್ದರು. ಹೆಂಗಸರು ದೂರದಲ್ಲಿ ಗುಂಪಾಗಿ ನಿಂತಿದ್ದರು. ಎದೆ ಬಡಿದುಕೊಂಡು ಅತ್ತವರು ಯಾರೂ ಇಲ್ಲ. ಅಷ್ಟು ಜನರ ಅಳುವನ್ನು ಕೇಳಿಸಿಕೊಂಡವಳಿಗೆ ಅಳಲು ಒಬ್ಬರೂ ಮುಂದೆ ಬರಲಿಲ್ಲ. ನನ್ನನ್ನು ಕಂಡ ಒಬ್ಬ ಹುಡುಗ ಪಕ್ಕದವನಿಗೆ “ಡೈಲಾಗ್ ಮಾಸ್ತರ ಬಂದಾರ ನೋಡಲೇ” ಅಂದ. ನಾನೂ ಒಂದು ಹಿಡಿ ಮಣ್ಣು ಹಾಕಿದೆ. ಗಂಗವ್ವ ಬಂದಾಳೇನು ಎಂದು ಒಬ್ಬ ಹೆಂಗಸನ್ನು ಕೇಳಿದೆ. “ಇಲ್ಲರಿ. ಆಕಿ ಯಾಕ ಬರ್ತಾಳ?” ಅಂದಳು.

ಮಾರನೆಯ ದಿನ ರಜೆ ಚೀಟಿ ಬರೆದು ಬಸ್ಸು ಹತ್ತಿದೆ.

ಗಂಗವ್ವಳ ಮನೆ ಸುಲಭವಾಗಿ ಸಿಕ್ಕಿತು. ಮಧ್ಯಾಹ್ನದ ಹೊತ್ತು. ಬಾಗಿಲಲ್ಲಿ ಕೂತು ಕಾಳು ಹಸನು ಮಾಡುತ್ತಿದ್ದಳು. ನಾನು ಅಂದುಕೊಂಡಿದ್ದಕ್ಕಿಂತ ಚಿಕ್ಕ ವಯಸ್ಸು. ಒಳಗೆ ಪಡಸಾಲೆಯಲ್ಲಿ ಗಂಡ ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ಹೆಸರು, ನೌಕರಿ, ಹಿಂದೆ ಯಾವ ಮನೆಯಲ್ಲಿದ್ದೆ ಎಂದು ಹೇಳಿದೆ. ಅವಳ ಮುಖ ಗಟ್ಟಿಯಾಯಿತು. ನಿಂತುಕೊಂಡೇ ಎಲ್ಲ ಹೇಳಿದೆ. ಗೋಡೆ, ಬೆಳಕಿಂಡಿ, ನೋಟ್‌ಬುಕ್ಕು, ಸಿನಿಮಾ. ದೊಡ್ಡವ್ವ ಯಾರಿಗೂ ಒಂದು ಮಾತು ಹೇಳಿರಲಿಲ್ಲ, ನಾನು, ನಾನೊಬ್ಬನೇ ಎಂದು ಹೇಳಿದೆ.

ಅವಳು ಮೊರ ಕೆಳಗಿಟ್ಟಳು. ಎದ್ದು ನಿಂತಳು.

“ಆಕಿ ಹೇಳಿಲ್ಲ?”

“ಇಲ್ಲರಿ.”

“ನಾ ಬಂದು ಬೈದಾಗ ನೀವು ಮನ್ಯಾಗ ಇದ್ರಿ?”

“ಇದ್ದೆ.”

“ನಾ ಬೈದದ್ದು ಕೇಳಿಸ್ತು ನಿಮಗ?”

“ಎಲ್ಲಾ ಕೇಳಿಸ್ತು.”

ಅವಳ ಕಣ್ಣಲ್ಲಿ ನೀರು ಬಂತು. ನಾನು ಬೈಗುಳಕ್ಕೆ ತಯಾರಾಗಿ ಬಂದಿದ್ದೆ, ಹೊಡೆದರೂ ಹೊಡೆಸಿಕೊಳ್ಳಲು ತಯಾರಿದ್ದೆ. ಅವಳು ದನಿ ಏರಿಸಲಿಲ್ಲ.

“ನಿನ್ನೆ ಆಕಿ ಮಣ್ಣಿಗೆ ಅಂತ ಹೊಂಟು ಬಸ್ ಸ್ಟ್ಯಾಂಡ್ ತನಕ ಬಂದಿದ್ದೆ. ಇಂಥಾಕಿ ಮಾರಿ ಏನ್ ನೋಡೂದು ಅಂತ ತಿರುಗಿ ಬಂದೆ” ಅಂದಳು. ಸೆರಗಿನಿಂದ ಮುಖ ಒರೆಸಿಕೊಂಡಳು. “ನನ್ನ ಮನಿ ಸುದ್ದಿ ನಾಡಿಗೆಲ್ಲಾ ಹೇಳಿದ್ರಿ ನೀವು. ಹೋಗ್ಲಿ ಬಿಡ್ರಿ ಅದು. ಆಕಿ ತಪ್ಪಿಲ್ಲ ಅನ್ನೂದೊಂದು ಮಾತು ನನ್ನೊಬ್ಬಾಕಿಗೆ ಹೇಳಾಕ ಮೂರು ವರ್ಷ ಬೇಕಾತೇನ್ರಿ?”

ಬಾಗಿಲು ಹಾಕಿಕೊಳ್ಳುತ್ತಾಳೆ ಎಂದುಕೊಂಡೆ, ಹಾಕಲಿಲ್ಲ. ನನ್ನ ಮುಖ ನೋಡುತ್ತ ಹೊಸ್ತಿಲಲ್ಲೇ ನಿಂತಳು, ನಾನು ಏನು ಹೇಳುತ್ತೇನೋ ಕೇಳೋಣವೆಂದು.